ಕೆಳಗಿನಿಂದ ಒಂದು ಕೈ

ನಮ್ಮ ಮನೆಯವರ ಬಲಗೈಯ ಕಿರುಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಎಂದೋ ಹಗ್ಗಕ್ಕೆ ಸಿಕ್ಕಿತ್ತಂತೆ. ಆ ದಿನ ಬೆಳಿಗ್ಗೆಯೂ ಮುಂಬೈ ಹತ್ತಿರದ ಕಲ್ಯಾಣದಲ್ಲಿ ನಮ್ಮ ಕಟ್ಟಡದ ಕೆಳಗೆ ನಿಂತು ಅದೇ ಕೈಯನ್ನು ಮುಷ್ಟಿ ಮಾಡಿ ಎತ್ತಿದರು. ಊಟದ ಡಬ್ಬಿ ಮರೆತು ಇಳಿದುಹೋಗಿದ್ದರು. ನಾನು ಬಾಲ್ಕನಿಯಿಂದ ಬುಟ್ಟಿಯಲ್ಲಿಟ್ಟು ಹಗ್ಗ ಬಿಡುತ್ತಿದ್ದೆ. ಮುಷ್ಟಿ ಎಂದರೆ ನಿಲ್ಲಿಸು. ತಡೆದೆ. ಕೆಳಗೆ ಹಾಲಿನವನು ಸೈಕಲ್ ತಳ್ಳಿಕೊಂಡು ದಾಟಿದ. ಅವರು ಅಂಗೈ ಕೆಳಮಾಡಿ ಮೆಲ್ಲಗೆ ಆಡಿಸಿದರು. ಇಳಿಸಿದೆ.

ಅವರದು ಮರಕ್ಕೆ ಬೆಲ್ಟಿನಂಥ ಪಟ್ಟಿ ಕಟ್ಟುವ ಕೆಲಸ. ಕಟ್ಟಡಗಳ ನಡುವೆ ವಾಲಿದ ಮರವನ್ನು ಕಡಿದು ಬೀಳಿಸಲಾಗದು. ತುಂಡುತುಂಡಾಗಿ ಕೊಯ್ದು ಕ್ರೇನಿನಿಂದ ಎತ್ತಿ ತೆಗೆಯಬೇಕು. ಕೊಂಬೆಗೆ ಎರಡು ಕಡೆ ಪಟ್ಟಿ ಕಟ್ಟಿ, ಗರಗಸ ಮುಟ್ಟುವ ಮೊದಲೇ ಕ್ರೇನು ಅದರ ಭಾರ ಹಿಡಿದುಕೊಳ್ಳುವಷ್ಟು, ಕ್ರೇನಿನವನಿಗೆ ಕೈಸನ್ನೆ ಮಾಡಿ ಬಿಗಿ ಮಾಡಿಸುತ್ತಿದ್ದರು. ಸಡಿಲವಾದರೆ ಕೊಂಬೆ ಜಾರುತ್ತದೆ, ಅತಿಯಾದರೆ ಮೇಲಕ್ಕೆ ಚಿಮ್ಮುತ್ತದೆ.

"ಮಲಗಿದ ಕೂಸಿನ್ನ ಎತ್ತಿದಂಗ ನೋಡು. ತಲಿಗೊಂದು ಕೈ, ಕಾಲಿಗೊಂದು ಕೈ" ಎನ್ನುತ್ತಿದ್ದರು.

ಒಮ್ಮೆ ಡೊಂಬಿವಲಿಯ ಒಂದು ಅಪಾರ್ಟ್‌ಮೆಂಟ್ ಸೊಸೈಟಿಗೆ ನಾನೇ ಡಬ್ಬಿ ಒಯ್ದಿದ್ದೆ. ದೊಡ್ಡ ಮಳೆಮರ. ಪಟ್ಟಿ ಬಿಗಿದಾಗಿತ್ತು, ಗರಗಸ ಶುರುವಾಗುವುದರಲ್ಲಿತ್ತು. ಅಷ್ಟರಲ್ಲಿ ಎರಡನೇ ಮಹಡಿಯ ಕಿಟಕಿ ತೆರೆದು ಒಬ್ಬ ಅಜ್ಜಿ, ಒಣಗಿದ ಸೀರೆ ಎಳೆದುಕೊಳ್ಳಲು ಸೊಂಟದವರೆಗೂ ಹೊರಗೆ ಬಾಗಿದರು. ಸರಿಯಾಗಿ ಆ ಕೊಂಬೆಯ ಕೆಳಗೆ. ನಮ್ಮವರು ನಿಂತಲ್ಲಿಂದ ಕಾಂಡ ಅಡ್ಡ, ಕಿಟಕಿ ಕಾಣದು. ನಾನು ಡಬ್ಬಿ ಕೆಳಗಿಟ್ಟು ಮುಷ್ಟಿ ಎತ್ತಿಬಿಟ್ಟೆ. ಅದನ್ನು ನೋಡಿದ ಕ್ರೇನಿನವನು ಕೂಗಿ ಗರಗಸದವನನ್ನು ತಡೆದ.

ಸೊಸೈಟಿಯ ಸೆಕ್ರೆಟರಿ ಬೆಂಗಳೂರಿನವರು. ನನ್ನ ಮೇಲೆ ರೇಗಿದರು. "ಏನಮ್ಮಾ, ಕ್ರೇನ್ ನಿಲ್ಲಿಸೋಕೆ ನೀವ್ಯಾರು? ಡಬ್ಬಿ ಕೊಡೋಕೆ ಬಂದೋರು ಡಬ್ಬಿ ಕೊಟ್ಟು ಹೋಗಿ!"

ನನಗೆ ನೆಲ ನೋಡುವಂತಾಯಿತು. ಇವರು ಬಂದು ಮೊದಲು ಕಿಟಕಿ ನೋಡಿದರು, ಆಮೇಲೆ ಸೆಕ್ರೆಟರಿಯನ್ನು.

"ಸಾಹೇಬ್ರ, ಎತ್ತು ಅನ್ನಾಕ ಇಲ್ಲಿ ನಾ ಒಬ್ಬನ. ನಿಂದ್ರಸು ಅನ್ನಾಕ ಎಲ್ಲಾರಿಗೂ ಹಕ್ಕೈತ್ರಿ. ಈಕೀಗೂ ಐತಿ."

ಅಜ್ಜಿ ಒಳಗೆ ಹೋಗುವವರೆಗೂ ಕೆಲಸ ಮುಂದುವರಿಯಲಿಲ್ಲ. ವಾಪಸ್ ಬರುವಾಗ ಲೋಕಲ್ ರೈಲಿನಲ್ಲಿ ನಕ್ಕರು. "ಏನ್ ಮುಷ್ಟಿ ಹಿಡದಿದ್ದಿ! ನನ್ನ ಬಡಿಯಾಕ ಬಂದಿ ಅನ್ಕೊಂಡೆ."

"ಅದು ಮನ್ಯಾಗ ಐತಿ, ಬರ್ರಿ" ಎಂದೆ.

ಬುಟ್ಟಿಯಲ್ಲಿ ಡಬ್ಬಿ ಇಳಿಸಿದ ಆ ದಿನ ಅವರ ಕೆಲಸ ಠಾಣೆಯಲ್ಲಿತ್ತು. ಪಟ್ಟಿ ಕಟ್ಟಿ ಮುಗಿಸಿ, ನೀರು ಕುಡಿದು, "ಎದಿ ಹಿಡದಂಗ ಆಗ್ತೈತಿ" ಎಂದು ನೆರಳಿಗೆ ಕುಳಿತರಂತೆ. ಆಸ್ಪತ್ರೆ ಮುಟ್ಟಲಿಲ್ಲ. ಡಬ್ಬಿ ತೆರೆಯದೆ ಮನೆಗೆ ಬಂತು.

ಕ್ರೇನಿನವನು ಆಮೇಲೆ ಮಾತನಾಡಿಸಲು ಬಂದಿದ್ದ. ಅವರು ಕಟ್ಟಿದ್ದ ಪಟ್ಟಿಯನ್ನು ಮರುದಿನ ಕೆಲಸದವರು ಪರೀಕ್ಷೆ ಮಾಡಿ ನೋಡಿದರಂತೆ, ಬಿಚ್ಚಿ ಕಟ್ಟುವ ಅಗತ್ಯ ಬೀಳಲಿಲ್ಲವಂತೆ. "ಕೊಂಬಿ ಅಲುಗಾಡಲಿಲ್ರಿ ವೈನಿ. ಮಲಗಿದಂಗ ಬಂತು" ಎಂದ. ನಾನು ಚಹಾ ಸೋಸಿ ಕೊಟ್ಟೆ.

ಈಗಲೂ ತರಕಾರಿಗೆ ಬುಟ್ಟಿ ಇಳಿಸುತ್ತೇನೆ. ಗಂಟು ಅವರು ಹಾಕಿದ್ದೇ. ತರಕಾರಿಯವನು ಕೆಳಗಿನಿಂದ ಕೂಗುತ್ತಾನೆ, ನಾನು ಎಳೆದುಕೊಳ್ಳುತ್ತೇನೆ. ಇಳಿಸುವಾಗ ನಡುವೆ ಒಮ್ಮೆ ತಡೆದು ನೋಡುವುದು ಅಭ್ಯಾಸವಾಗಿಬಿಟ್ಟಿದೆ.

ಕೆಳಗೆ ಆ ಕೈ ಇಲ್ಲ.