ಹಳೆಯ ಯಂತ್ರಕ್ಕೆ ಹಿಡಿದಿಟ್ಟ ಜಾಗ

ಗದಗಿನಲ್ಲಿ ಕಿವಿಯಂತ್ರದ ಅಂಗಡಿ ಇಟ್ಟವನು ನಾನು. ಯಂತ್ರವನ್ನು ಒಬ್ಬೊಬ್ಬರ ಕಿವಿಗೆ ಹೊಂದಿಸಬೇಕಾದರೆ ಒಂದು ಡಬ್ಬಿಯ ಮೂಲಕ ಅದನ್ನು ಕಂಪ್ಯೂಟರಿಗೆ ಜೋಡಿಸಬೇಕು. ಹೊಸ ಡಬ್ಬಿಗೆಂದು ಕಂಪ್ಯೂಟರಿನೊಳಗೆ ಒಂದು ಕಾರ್ಡು ಕೂರಿಸಿದ್ದೆ. ಆ ಸೋಮವಾರ ಸಿಂಗಟಾಲೂರಿನ ಅಜ್ಜಿಯೊಬ್ಬರು ಬಂದರು, ಡಬ್ಬಿ ಜಪ್ಪಯ್ಯ ಅಂದರೂ ಏಳಲಿಲ್ಲ.

ಅಜ್ಜಿಗೆ ಕಿವಿಯ ಹತ್ತಿರ ಕೂಗಿದರಷ್ಟೇ ಕೇಳುತ್ತಿತ್ತು. ಗಂಡ ಹಾಸಿಗೆ ಹಿಡಿದಿದ್ದಾರೆ, ದನಿ ಉಡುಗಿದೆ, ದಿನವೂ ಏನೋ ಹೇಳಲು ತುಟಿ ಅಲ್ಲಾಡಿಸುತ್ತಾರೆ ಎಂದರು. ಬೇರೆಯವರು ಹತ್ತಿರ ಬಂದರೆ ಬಾಯಿಯನ್ನೇ ಬಿಡುವುದಿಲ್ಲವಂತೆ.

"ಏನ್ ಹೇಳ್ತಾರಂತ ಒಂದ್ ಸರ್ತಿ ಕೇಳಬೇಕ್ರಿ ಅಣ್ಣಾರ. ಅಷ್ಟ ಸಾಕು."

ಗುರುವಾರ ಬನ್ನಿ ಎಂದು ಕೂಗಿ ಹೇಳಿ ಕಳಿಸಿದೆ. ನಾಚಿಕೆಯಾಯಿತು.

ಆಮೇಲೆ ಮಾಡಿದ್ದೆಲ್ಲ ದಡ್ಡತನ. ಕಾರ್ಡನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶವನ್ನು ತೆಗೆದೆ, ಮತ್ತೆ ಹಾಕಿದೆ, ಡಬ್ಬಿ ಮಾರಿದವನಿಗೆ ಫೋನಿನಲ್ಲೇ ಉಗಿದೆ. ಡ್ರೈವರಿಗೆ ತನ್ನ ಸಾಧನವನ್ನು ತಲುಪಲು ಒಂದು ವಿಳಾಸ ಬೇಕು. ಆ ಸಾಧನಕ್ಕೆ ಪ್ರೊಸೆಸರನ್ನು ಕರೆಯಲು ಒಂದು ದಾರಿ ಬೇಕು. ಎರಡನ್ನೂ ಹಂಚಿಕೊಡುವುದು ಆಪರೇಟಿಂಗ್ ಸಿಸ್ಟಮ್. ಒಂದು ಸಾಧನವನ್ನು ತುಸು ಸರಿಸಿ ಇನ್ನೊಂದನ್ನು ಕೂರಿಸುವಷ್ಟು ಬುದ್ಧಿ ಅದಕ್ಕಿದೆ. ಇದೆಲ್ಲ ಗೊತ್ತಿದ್ದದ್ದೇ, ಆದರೆ ಈ ಹಾಳು ತಲೆಗೆ ಹೊಳೆಯಬೇಕಲ್ಲ!

ಬುಧವಾರ ಸಂಜೆ ಸೆಟ್ಟಿಂಗ್ ತೆರೆದು ನೋಡಿದರೆ ಕಳ್ಳ ನಾನೇ. ನಮ್ಮ ಕಡೆ ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಅದೇ ಚಾಳಿ. ಕಿವಿ ಪರೀಕ್ಷೆಯ ಹಳೆಯ ಯಂತ್ರವನ್ನು ಸಿಕ್ಕಿಸುತ್ತಿದ್ದ ಪೋರ್ಟಿಗೆ ಒಂದು ದಾರಿಯನ್ನು ಎಂದೋ ಕೈಯಾರೆ ಕಾಯಂ ಮಾಡಿದ್ದೆ. ಹಾಗೆ ಕಾಯಂ ಮಾಡಿದ್ದನ್ನು ಸಿಸ್ಟಮ್ ಮುಟ್ಟುವುದಿಲ್ಲ. ಯಂತ್ರ ಗುಜರಿಗೆ ಹೋಗಿ ವರ್ಷಗಳಾಗಿದ್ದವು, ಜಾಗ ಮಾತ್ರ ಅದರದೇ. ಹೊಸ ಕಾರ್ಡಿಗೂ ಅದೇ ದಾರಿ ಬೇಕಾಗಿತ್ತು. ಹಂಚುವ ಕೆಲಸವನ್ನು ಸಿಸ್ಟಮ್ಮಿಗೇ ಬಿಟ್ಟೆ, ಡಬ್ಬಿ ಎದ್ದಿತು.

ಗುರುವಾರ ಅಜ್ಜಿ ಬಂದರು. ಯಂತ್ರ ಹೊಂದಿಸಿ ಮೆಲ್ಲಗೆ ಮಾತಾಡಿಸಿದೆ, ಸ್ಪಷ್ಟ ಕೇಳಿತು. ನಾನು ಹಿಗ್ಗಿಹೋದೆ. ಇನ್ನು ಯಜಮಾನರ ಮಾತು ಚೆನ್ನಾಗಿ ಕೇಳಿಸುತ್ತದೆ ಎಂದೆ.

"ಮಂಗಳಾರದಿಂದ ಅವ್ರ ಮಾತು ನಿಂತೈತ್ರಿ."

ಆ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕಿವಿಯಲ್ಲಿದ್ದ ಯಂತ್ರವನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡು, "ಇದ್ರಾಗ ಅವ್ರ ಉಸಿರಾದ್ರೂ ಕೇಳಸ್ತೈತೇನ್ರಿ?" ಎಂದು ಕೇಳಿದರು.