ಗಾಳಿಗೆ ಬಿಡಬೇಕಾದ ಹಗ್ಗ

ಗಾಳಿ ಎದ್ದರೆ ಬ್ಯಾಡಗಿಯವರಾದ ನಮಗೆ ಗೊತ್ತಿರುವುದು ಒಂದೇ ಕೆಲಸ, ಎಳೆದು ಬಿಗಿಯುವುದು. ಕಣದಲ್ಲಿ ಒಣಗುವ ಮೆಣಸಿನಕಾಯಿಗೆ ತಾಡಪತ್ರಿ ಹೊದಿಸಿ, ಅದರ ಹಗ್ಗಕ್ಕೆ ಜೋತುಬಿದ್ದು, ಅಂಚಿಗೆಲ್ಲ ಕಲ್ಲು ಹೇರುತ್ತೇವೆ. ಹಾಗೆ ಬೆಳೆದವಳನ್ನು ನನ್ನ ಗಂಡ ಹಾಯಿದೋಣಿ ಹತ್ತಿಸಿದರು.

ಮೆಣಸಿನಕಾಯಿ ವ್ಯಾಪಾರಿಗೆ ಸಮುದ್ರದ ಹುಚ್ಚು ಹೇಗೆ ಹಿಡಿಯಿತೋ ದೇವರೇ ಬಲ್ಲ. ಗೋವಾದ ಗೆಳೆಯರೊಂದಿಗೆ ಪಾಲಿನಲ್ಲಿ ಒಂದು ಕ್ಯಾಟಮರಾನ್ ಕೊಂಡರು. ಅಕ್ಕಪಕ್ಕ ಎರಡು ಒಡಲು, ನಡುವೆ ಮನೆಯಂಥ ಕೋಣೆ, ಒಂದು ಪುಟ್ಟ ಒಲೆ. ರಾಣೆಬೆನ್ನೂರಿನಲ್ಲಿರುವ ನನ್ನ ತಮ್ಮ ಫೋಟೊ ನೋಡಿ, “ಮಾಮಾರ, ಇದರಾಗ ಎಷ್ಟು ಚೀಲ ಹಿಡಸತಾವ್ರಿ?” ಎಂದು ಕೇಳಿದ. ಎಲ್ಲರಿಗಿಂತ ಜೋರಾಗಿ ನಕ್ಕವರು ಇವರೇ.

ಆಮೇಲೆ ಹಾವೇರಿಯ ಡಾಕ್ಟರು ಇವರ ಹೃದಯ ಸೋತಿದೆ ಎಂದರು. ಭಾರ ಎತ್ತಬಾರದು, ಏನನ್ನೂ ಜಗ್ಗಬಾರದು. ಇನ್ನು ದೋಣಿ ಮಾರುತ್ತಾರೆ ಎಂದುಕೊಂಡೆ. ಮಾರಲಿಲ್ಲ. ಚುಕ್ಕಾಣಿ ತಾವಿಟ್ಟುಕೊಂಡು ಹಗ್ಗಗಳನ್ನು ನನ್ನ ಕೈಗೆ ಕೊಟ್ಟರು. ಬೈದುಕೊಳ್ಳುತ್ತಲೇ ಕಲಿತೆ. ಇವರ ಜೀವಕ್ಕಾಗಿ ಬೆಂಕಿಯಲ್ಲಿ ನಡೆ ಎಂದಿದ್ದರೂ ನಡೆಯುತ್ತಿದ್ದೆ, ಹಗ್ಗ ಯಾವ ಲೆಕ್ಕ.

ಒಂದು ಮಧ್ಯಾಹ್ನ ದಡದಿಂದ ದೂರ ಇದ್ದೆವು, ಗಾಳಿ ಜೋರಾಯಿತು. ದೊಡ್ಡ ಹಾಯಿ ಉಬ್ಬಿ, ಕಂಬದ ತಂತಿಗಳು ಸಿಳ್ಳೆ ಹಾಕತೊಡಗಿದವು. ನಾನು ಮಾಡಿದ್ದೇನು? ಹಾಯಿಯ ಹಗ್ಗ ಹಿಡಿದು, ಕಾಲು ಊರಿ, ಶಕ್ತಿಯಿದ್ದಷ್ಟೂ ಎಳೆದು ಬಿಗಿದೆ.

“ಅಯ್ಯ ಹುಚ್ಚಿ, ಇದೇನ ತಾಡಪತ್ರಿ ಅಂತ ತಿಳದೀಯೇನ? ಎಳೀಬ್ಯಾಡ. ಬಿಡು, ಬಿಡು!”

“ಬಿಟ್ರ ಹಾರಿ ಹೋಗತೈತ್ರಿ!”

“ಬಿಡಲಿಲ್ಲಂದ್ರ ಕಂಬಾನ ಮುರದು ಬೀಳತೈತಿ.”

ಬಿಟ್ಟೆ. ಅವರು ದೋಣಿಯ ಮೂತಿಯನ್ನು ಗಾಳಿಯತ್ತ ತಿರುಗಿಸಿದರು. ಹಾಯಿ ಪಟಪಟ ಬಡಿದುಕೊಂಡಿತು. ಅದನ್ನು ಮೇಲೆತ್ತಿ ಹಿಡಿದಿದ್ದ ಹಗ್ಗವನ್ನು ಅವರು ಹೇಳಿದಂತೆ ಮೆಲ್ಲಗೆ ಸಡಿಲಿಸಿ, ಹಾಯಿಯನ್ನು ಮೊದಲ ಗುರುತಿನವರೆಗೆ ಇಳಿಸಿದೆ. ಕೆಳಗೆ ಉಳಿದ ಬಟ್ಟೆಯನ್ನು ಮಡಚಿ ಕಟ್ಟಿದೆ. ದೋಣಿಯ ಮುಂಭಾಗದ ಚಿಕ್ಕ ಹಾಯಿಯನ್ನು ಅರ್ಧ ಸುತ್ತಿದೆ. ಸಿಳ್ಳೆ ನಿಂತಿತು. ದೋಣಿ ನಿರಾಳವಾಗಿ ಸಾಗಿತು.

ಆಗಲೇ ನೋಡಿದ್ದು: ಇಷ್ಟೆಲ್ಲ ರಂಪದಲ್ಲೂ ಮೇಜಿನ ಮೇಲಿನ ಚಹಾ ತುಳುಕಿರಲಿಲ್ಲ. ಒಂದೇ ಒಡಲಿನ ದೋಣಿಯಾದರೆ ಗಾಳಿ ಹೆಚ್ಚಾದಾಗ ವಾಲಿ ಎಚ್ಚರಿಸುತ್ತದಂತೆ. ಇದು ವಾಲುವುದಿಲ್ಲ, ಮುರಿಯುವವರೆಗೂ ನೆಟ್ಟಗೇ ಇರುತ್ತದೆ. ಅದಕ್ಕೇ ಗಾಳಿಯ ಮೀಟರು ನೋಡಿ ಮೊದಲೇ ಹಾಯಿ ಇಳಿಸಬೇಕು ಎಂದರು.

“ಥೇಟ್ ನಿಮ್ಮಂಗ ಐತಿ ನೋಡ್ರಿ,” ಎಂದೆ. ಅವರು ತಣ್ಣಗಾದ ಚಹಾ ಕುಡಿಯುತ್ತ ನಕ್ಕರು.

ಊರಿಗೆ ಬಂದ ಮೇಲೆ, ಬೇಸಿಗೆ ಶುರುವಾಗುವ ಹೊತ್ತಿಗೆ, ಮೋಟೆಬೆನ್ನೂರಿನ ನಮ್ಮ ಕಣಕ್ಕೆ ಇಬ್ಬರೂ ಹೋಗಿದ್ದೆವು. ಆಳುಗಳು ಊಟಕ್ಕೆ ಹೋಗಿದ್ದರು. ಪಡುವಣದಲ್ಲಿ ಮೋಡ ಕಟ್ಟಿತು, ಧೂಳೆದ್ದಿತು. ರಾಶಿಯ ಮೇಲಿನ ತಾಡಪತ್ರಿ ಕಲ್ಲುಗಳನ್ನು ಉರುಳಿಸಿಕೊಂಡು ಎದ್ದಿತು. ನಾನು ನೋಡುವಷ್ಟರಲ್ಲಿ ಇವರು ಓಡಿಹೋಗಿ ಅದರ ಹಗ್ಗವನ್ನು ಕೈಗೆ ಸುತ್ತಿಕೊಂಡು ಜೋತುಬಿದ್ದಿದ್ದರು.

“ಬಿಡ್ರಿ!” ಎಂದು ಕಿರುಚುತ್ತ ಓಡಿದೆ. “ಹಾರಿ ಹೋದ್ರ ಹೋಗ್ಲಿ, ಬಿಡ್ರಿ!”

ತಿರುಗಿ ನೋಡಿದರು. ನಗುತ್ತಿದ್ದರು. “ಇದು ಹಾಯಿ ಅಲ್ಲ, ತಾಡಪತ್ರಿ!”

ಅಷ್ಟೇ ಅಂದದ್ದು. ಆಮೇಲೆ ಮೆಲ್ಲಗೆ, ದಣಿವಾರಿಸಿಕೊಳ್ಳುವವರ ಹಾಗೆ, ರಾಶಿಗೆ ಒರಗಿ ಕುಳಿತರು. ಮತ್ತೆ ಏಳಲಿಲ್ಲ. ಎದೆ ಉಜ್ಜಿದೆ, ಹೆಸರು ಹಿಡಿದು ಕರೆದೆ. ಅಷ್ಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. ಸಮುದ್ರದ ನಡುವೆ ಅಷ್ಟೊಂದು ತಿಳಿದಿದ್ದ ಮನುಷ್ಯನಿಗೆ ಒಣನೆಲದ ಮೇಲೆ ಬುದ್ಧಿ ಎಲ್ಲಿ ಹೋಗಿತ್ತು? ಆ ಸಿಟ್ಟು ಇನ್ನೂ ಇಳಿದಿಲ್ಲ. ಅದೂ ಇಳಿದರೆ ನನ್ನಲ್ಲಿ ಅವರದೇನು ಉಳಿಯುತ್ತದೆ ಎಂದು ಹೆದರಿಕೆ.

ಹಗ್ಗ ಅವರ ಮುಷ್ಟಿಯಲ್ಲಿ ಹಾಗೇ ಇತ್ತು. ತಾಡಪತ್ರಿ ಗಾಳಿಗೆ ಎದ್ದಾಗಲೆಲ್ಲ ಆ ಕೈ ಜೀವವಿದ್ದಂತೆ ಅಲುಗುತ್ತಿತ್ತು. ಅದನ್ನು ನೋಡಲಾಗಲಿಲ್ಲ. ಪಕ್ಕದಲ್ಲಿ ಕುಳಿತು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ತಾಡಪತ್ರಿ ಹೊಲದಾಚೆ ಹಾರಿಹೋಯಿತು. ಮಳೆ ಬಂದು ಅಷ್ಟೂ ಮೆಣಸಿನಕಾಯಿ ನೆನೆಯಿತು. ನಾನು ಆ ಕೈ ಹಿಡಿದುಕೊಂಡೇ ಕುಳಿತಿದ್ದೆ, ಬಿಡಲಿಲ್ಲ.