ಅಜ್ಜಿ ತಿರುಗಿಸಿದ ಪ್ರಾರ್ಥನಾ ಚಕ್ರ

ಆಗೆಲ್ಲ ಪುಣೆಗೆ ಚಳಿ ಬಂತೆಂದು ನಮಗೆ ಗೊತ್ತಾಗುತ್ತಿದ್ದದ್ದು ಸ್ವೆಟರುಗಳಿಂದ. ದೀಪಾವಳಿಯ ಚಕ್ಕುಲಿ ಡಬ್ಬಿಯ ತಳ ಕಾಣುವ ಹೊತ್ತಿಗೆ ನಮ್ಮ ಮನೆಯೆದುರಿನ ಫುಟ್‌ಪಾತಿನಲ್ಲಿ ಟಿಬೆಟಿನವರ ಅಂಗಡಿಗಳು ಏಳುತ್ತಿದ್ದವು. ಹೊಸ ಉಣ್ಣೆಯ ವಾಸನೆ, ಪಕ್ಕದ ಗಾಡಿಯಿಂದ ಹುರಿದ ಶೇಂಗಾದ ವಾಸನೆ. ತೂಗುಹಾಕಿದ ಸ್ವೆಟರುಗಳ ನಡುವೆ ಕಣ್ಣಾಮುಚ್ಚಾಲೆ ಆಡಿ ನಾವು ಬೈಸಿಕೊಳ್ಳುತ್ತಿದ್ದೆವು.

ಧಾರವಾಡದಿಂದ ಆ ವರ್ಷವಷ್ಟೇ ಬಂದಿದ್ದ ನಮ್ಮಜ್ಜಿಗೆ ಮರಾಠಿ ಕಿವಿಗೆ ಬಿದ್ದರೂ ನಾಲಿಗೆಗೆ ಹತ್ತಿರಲಿಲ್ಲ. ಮಾತಿಗೆ ಜನರಿಲ್ಲದೆ ಒಣಗಿಹೋಗಿದ್ದಳು. ಒಂದು ದಿನ ನಮ್ಮಿಬ್ಬರ ಮಾತು ಕೇಳಿಸಿಕೊಂಡ ಸ್ವೆಟರಿನವಳು, "ಅಜ್ಜಿ, ಬರ್ರಿ, ಥಂಡಿ ಭಾಳ ಅದ," ಎಂದು ಕರೆದಳು. ಅಜ್ಜಿ ಬೆರಗಾಗಿ ನಿಂತೇಬಿಟ್ಟಳು. ಅವಳು ಡೋಲ್ಮಾ, ನಮ್ಮ ಕಡೆಯ ಮುಂಡಗೋಡದ ಟಿಬೆಟ್ ಕಾಲನಿಯಲ್ಲಿ ಬೆಳೆದವಳು.

ಅಂದಿನಿಂದ ಪ್ರತಿ ಮಧ್ಯಾಹ್ನ ಅಜ್ಜಿಯ ಜಪಮಾಲೆ ಡೋಲ್ಮಾಳ ಅಂಗಡಿಗೆ ಹೊರಟಿತು. ಡೋಲ್ಮಾಳ ಕೈಯಲ್ಲಿ ಸದಾ ಹಿಡಿಕೆಯಿದ್ದ ಒಂದು ಹಿತ್ತಾಳೆಯ ಪ್ರಾರ್ಥನಾ ಚಕ್ರ.

"ಒಳಗ ಮಂತ್ರ ಬರದ ಸುರುಳಿ ಅದರಿ. ಒಂದ್ ಸಲ ತಿರುಗಿದ್ರ ಅಷ್ಟೂ ಓದಿದ್ಹಂಗ. ನಮಗಷ್ಟ ಅಲ್ಲ, ಎಲ್ಲಾ ಜೀವಕ್ಕೂ."

"ಪ್ರದಕ್ಷಿಣಿ ಹಾಕಿದ್ಹಂಗ ಅನ್ನು," ಎಂದಳು ಅಜ್ಜಿ.

ಒಂದು ದಿನ ಡೋಲ್ಮಾಳ ತಾಯಿಗೆ ವಿಪರೀತ ಜ್ವರವೆಂದು ಊರಿಂದ ಫೋನ್ ಬಂತು. ಅವಳು ಕಣ್ಣೊರೆಸಿಕೊಳ್ಳುತ್ತ ಚಕ್ರ ತಿರುಗಿಸುತ್ತಿದ್ದಳು, ಗಿರಾಕಿಗಳು ಮುತ್ತಿಕೊಂಡಿದ್ದರು. ಅಜ್ಜಿ ಕೈ ಚಾಚಿದಳು. "ಇಲ್ಲಿ ಕೊಡವ್ವಾ. ನೀ ವ್ಯಾಪಾರ ನೋಡು. ನಿಮ್ಮವ್ವನ ಸಲುವಾಗಿ ನಾ ತಿರುಗಸ್ತೀನಿ."

ಜಪಮಾಲೆಯಲ್ಲಿ ಮೇರುಮಣಿ ಬಂದರೆ ದಾಟುವಂತಿಲ್ಲ, ಹಿಂದಕ್ಕೆ ತಿರುಗಬೇಕು. ಕೈಗೆ ರೂಢಿಯಾಗಿತ್ತು ನೋಡಿ, ಒಂದು ಮಾಲೆಯ ಲೆಕ್ಕ ಮುಗಿದದ್ದೇ ಅಜ್ಜಿ ಚಕ್ರವನ್ನೂ ಹಿಂದಕ್ಕೆ ತಿರುಗಿಸತೊಡಗಿದಳು!

"ಅಯ್ಯ ಅಜ್ಜಿ, ಉಲ್ಟಾ!" ಡೋಲ್ಮಾಳ ಕೈಯಿಂದ ಸ್ವೆಟರು ಬಿತ್ತು. ಆ ಚಕ್ರ ಎಂದೂ ಹಿಂದಕ್ಕೆ ಹೋಗುವಂತಿಲ್ಲ.

ಅಜ್ಜಿಯ ಮುಖ ಬಿಳಿಚಿತು. "ಇಷ್ಟೊತ್ತು ಮಾಡಿದ್ದೆಲ್ಲಾ ಬಿಚ್ಚಿಬಿಟ್ನೇನ?"

ಡೋಲ್ಮಾ ಅವಳ ಮಣಿಕಟ್ಟು ಹಿಡಿದು ಚಕ್ರವನ್ನು ಬಲಕ್ಕೆ ತಿರುಗಿಸಿದಳು. "ತಿಳೀದ ಆಗಿದ್ದಕ್ಕ ದೋಷ ಇಲ್ರಿ. ಮನಸಿನ್ಯಾಗ ಯಾರಿದ್ರು?"

"ನಿಮ್ಮವ್ವನ ಇದ್ಳು."

"ಮತ್ತ? ತಿರುಗಸ್ರಿ."

ಅಜ್ಜಿ ಚಹಕ್ಕೂ ಏಳಲಿಲ್ಲ. ಮೇಲಿನ ಮನೆಯ ಮರಾಠಿ ಕಾಕು ಸಂತೆಗೆ ಹೊರಟವಳು ನಿಂತು, "ಏನಜ್ಜಿ, ಧರ್ಮ ಬದಲಿಸಿದಿರೋ?" ಎಂದು ಮರಾಠಿಯಲ್ಲಿ ಕೇಳಿ ನಕ್ಕಳು. ಎಲ್ಲರೂ ತಿರುಗಿ ನೋಡಿದರು. ಅಜ್ಜಿ ಕೈ ನಿಲ್ಲಿಸದೆ ತಲೆಯೆತ್ತಿದಳು. "ತಿಚಿ ಆಯಿ ಆಜಾರಿ ಆಹೆ." ಅವಳ ತಾಯಿಗೆ ಹುಷಾರಿಲ್ಲ. ನಮ್ಮಜ್ಜಿ ಜೀವನದಲ್ಲಿ ಆಡಿದ ಮೊದಲ ಮರಾಠಿ ವಾಕ್ಯ ಅದು.

ಕಾಕು ನಗು ನುಂಗಿಕೊಂಡಳು. ಚೀಲ ಕೆಳಗಿಟ್ಟು, ಪಕ್ಕದಲ್ಲಿ ಕೂತು, "ಮಲಾ ದ್ಯಾ," ನನಗೆ ಕೊಡಿ, ಎಂದು ತಾನೂ ಕೈ ಚಾಚಿದಳು. ಅಜ್ಜಿ ಚಕ್ರ ಕೊಟ್ಟು, ಬೆರಳೆತ್ತಿ ಎಚ್ಚರಿಸಿದಳು: "ಉಲ್ಟಾ ನಕೋ!" ಉಲ್ಟಾ ಬೇಡ. ಅದು ಎರಡನೆಯ ವಾಕ್ಯ. ಇವಳು ನನ್ನ ಅಜ್ಜಿ ಎಂದು ಇಡೀ ಬೀದಿಗೆ ಕೂಗಿ ಹೇಳಬೇಕೆನಿಸಿತ್ತು ನನಗೆ. ಈಗಲೂ ಅನಿಸುತ್ತದೆ.

ಮುಂಡಗೋಡದ ಆ ತಾಯಿ ಎದ್ದು ಕೂತಳೆಂಬ ಸುದ್ದಿ ಬಂದ ದಿನ ಅಜ್ಜಿ ಡೋಲ್ಮಾಳಿಗೆ ಗೋಧಿ-ಬೆಲ್ಲದ ಮಾದಲಿ ಮಾಡಿ ಒಯ್ದಳು.

ಅಜ್ಜಿ ಹೋಗಿ ಬಹಳ ವರ್ಷಗಳಾದವು. ಆ ಫುಟ್‌ಪಾತಿನಲ್ಲಿ ಈಗ ಸ್ಕೂಟರುಗಳು ನಿಲ್ಲುತ್ತವೆ, ಸ್ವೆಟರು ಮನೆಬಾಗಿಲಿಗೇ ಬರುತ್ತದೆ. ಹೋದ ಚಳಿಗಾಲ ಅಮ್ಮ ಆಸ್ಪತ್ರೆಯಲ್ಲಿದ್ದಾಗ ನನ್ನ ಮೊಬೈಲಿನ ತುಂಬ ಕೈಮುಗಿದ ಚಿತ್ರಗಳು ಬಂದವು. "ಇಲ್ಲಿ ಕೊಡವ್ವಾ" ಎಂದು ಚಾಚಿದ ಕೈ ಮಾತ್ರ ಒಂದೂ ಇರಲಿಲ್ಲ.